ನಡೆಯೋರು ಎಡವದೆ, ಕೂತವರು ಎಡವುತ್ತಾರಾ?

ನಮಸ್ಕಾರ.

ನಮ್ಮ ಅಮ್ಮ ಬಿದ್ದದ್ದು ಹಾಲು ತರಲು ಹೋದಾಗ. ಬೆಳಿಗ್ಗೆ 6.30 ಇರಬಹುದು. ಹನುಮಂತನಗರದ ನಮ್ಮ ಮನೆಯಿಂದ ಹಾಲಿನ ಅಂಗಡಿಗೆ ಒಂದೇ ತಿರುವು. ಮೋರಿ ಮೇಲಿನ ಚಪ್ಪಡಿ ಕಲ್ಲು ಒಂದು ಕಡೆ ಎದ್ದಿತ್ತು. ಬಲಗಾಲು ತಿರುಚಿತು. ಪಾದದ ಕೀಲಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. 6 ವಾರ ಪ್ಲಾಸ್ಟರ್.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರ್ ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗಿ ಕೂಡಿಕೊಂಡಿದೆ" ಅಂದರು. ನಿಜ, ಮೂಳೆ ಕೂಡಿತ್ತು. ನಡಿಗೆ ಕೂಡಿರಲಿಲ್ಲ. ಕಾಲು ಎತ್ತುವಾಗ ಬೆರಳ ತುದಿ ನೆಲಕ್ಕೆ ತಾಗುತ್ತಿತ್ತು. ಮೀನಖಂಡ ಕಲ್ಲಿನ ಹಾಗೆ ಬಿಗಿ. ಕಣ್ಣು ಸದಾ ನೆಲದ ಮೇಲೆ. ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ದೇವರಮನೆಗೆ ಹೋಗುತ್ತಿದ್ದಳು.

ಆಗ ನಾನು ಹೇಳಿದ ಮಾತು ಇದು. "ಅಮ್ಮ, ಇನ್ನು ಮೇಲೆ ಹಾಲು ನಾನೇ ತರ್ತೀನಿ. ನೀನು ಸುಮ್ನೆ ಮನೇಲಿರು." ಪ್ರೀತಿಯಿಂದಲೇ ಹೇಳಿದೆ. ಆದರೆ ಅದು ತಪ್ಪು. ಎಷ್ಟು ದೊಡ್ಡ ತಪ್ಪು ಅನ್ನುವುದು ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು. ಈ ಊರಿನ ಎಷ್ಟೋ ಮನೆಗಳಲ್ಲಿ ಇವತ್ತೂ ಯಾರೋ ಒಬ್ಬರು ತಮ್ಮ ಅಮ್ಮನಿಗೆ, ಅಜ್ಜನಿಗೆ ಇದೇ ಮಾತು ಹೇಳುತ್ತಿರುತ್ತಾರೆ. ಅದಕ್ಕೇ ಇವತ್ತು ಮೈಕ್ ಮುಂದೆ ಕೂತಿದ್ದೇನೆ.

ಶಾಲೆಯಲ್ಲಿ ನಮಗೆ ರಿಫ್ಲೆಕ್ಸ್ ಅಂದರೆ ಏನು ಅಂತ ಹೇಳಿಕೊಟ್ಟರು? ಬಿಸಿ ಪಾತ್ರೆ ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಮಂಡಿಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಒದೆಯುತ್ತದೆ. ಜರ್ಮನಿಯ ಇಬ್ಬರು ವೈದ್ಯರು, ಎರ್ಬ್ ಮತ್ತು ವೆಸ್ಟ್‌ಫಾಲ್, ಇದನ್ನು ಬೇರೆಬೇರೆಯಾಗಿ 1875ರಲ್ಲಿ ಬರೆದಿಟ್ಟರು. ಮೆದುಳು ಯೋಚಿಸುವ ಮೊದಲೇ ಬೆನ್ನುಹುರಿ ಕೆಲಸ ಮುಗಿಸಿಬಿಡುತ್ತದೆ. ಇಲ್ಲಿಯವರೆಗೆ ಪಾಠ ಸರಿ. ಆದರೆ ಆ ಪಾಠ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಬಿಟ್ಟುಹೋಯಿತು. ರಿಫ್ಲೆಕ್ಸ್ ಅಂದರೆ ಬಾಗಿಲ ಬೆಲ್ ಇದ್ದ ಹಾಗೆ, ಒತ್ತಿದರೆ ಬಾರಿಸುತ್ತದೆ, ಹುಟ್ಟಿದಾಗ ಹೇಗಿತ್ತೋ ಸಾಯುವಾಗಲೂ ಹಾಗೇ ಇರುತ್ತದೆ ಅನ್ನುವ ಚಿತ್ರ.

ಆ ಚಿತ್ರ ತಪ್ಪು. ಬೆನ್ನುಹುರಿ ಕಲಿಯುತ್ತದೆ, ಮರೆಯುತ್ತದೆ, ಮತ್ತೆ ಕಲಿಯುತ್ತದೆ.

ಇದನ್ನು ಅಳೆಯುವ ದಾರಿ ಒಂದಿದೆ. ಪೌಲ್ ಹಾಫ್‌ಮನ್ ಅನ್ನುವ ಜರ್ಮನ್ ಶರೀರಶಾಸ್ತ್ರಜ್ಞ 1910ರಲ್ಲಿ ತೋರಿಸಿದ್ದು. ಮಂಡಿಯ ಹಿಂದಿನ ಗುಳಿಯಲ್ಲಿ ಒಂದು ನರ ಹಾದುಹೋಗುತ್ತದೆ. ಅಲ್ಲಿ ಚಿಕ್ಕದಾಗಿ ಕರೆಂಟ್ ಕೊಟ್ಟರೆ ಸುದ್ದಿ ಬೆನ್ನುಹುರಿಗೆ ಏರಿ, ಅಲ್ಲಿಂದ ತಿರುಗಿ ಮೀನಖಂಡಕ್ಕೆ ಇಳಿಯುತ್ತದೆ. ಮೀನಖಂಡ ಒಮ್ಮೆ ಮಿಡಿಯುತ್ತದೆ. ಹೋಗಿ ಬರಲು ಸುಮಾರು 30 ಮಿಲಿಸೆಕೆಂಡ್. ಒಂದು ಸಲ ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಆ ಮಿಡಿತ ಎಷ್ಟು ದೊಡ್ಡದು ಅಂತ ಅಳೆದರೆ, ಬಂದ ಸುದ್ದಿಗೆ ಬೆನ್ನುಹುರಿ ಎಷ್ಟು ಕಿವಿಗೊಟ್ಟಿತು ಅಂತ ತಿಳಿಯುತ್ತದೆ. ಹಾಫ್‌ಮನ್ ಹೆಸರಿನ ಮೊದಲ ಅಕ್ಷರದಿಂದಲೇ ಇದಕ್ಕೆ ಎಚ್ ರಿಫ್ಲೆಕ್ಸ್ ಅಂತ ಹೆಸರು ಬಂತು. ಇವತ್ತಿಗೂ ನರದ ಪರೀಕ್ಷೆಗೆ ಹೋದವರಿಗೆ ಇದನ್ನು ಮಾಡುತ್ತಾರೆ.

1986ರಲ್ಲಿ ಕೆನಡಾದಲ್ಲಿ ಕ್ಯಾಪಡೇ ಮತ್ತು ಸ್ಟೈನ್ ಅನ್ನುವ ಇಬ್ಬರು ಇದನ್ನು ನಡೆಯುತ್ತಿರುವ ಜನರ ಮೇಲೆ ಅಳೆದರು. ಅದೇ ಮನುಷ್ಯ, ಅದೇ ಸ್ನಾಯು. ನಿಂತಾಗ ರಿಫ್ಲೆಕ್ಸ್ ದೊಡ್ಡದು. ನಡೆಯಲು ಶುರುಮಾಡಿದರೆ ಚಿಕ್ಕದು. ನಡೆಯುವಾಗಲೂ ಒಂದೇ ಸಮ ಇಲ್ಲ. ಹಿಮ್ಮಡಿ ಊರಿದಾಗ ಕಡಿಮೆ, ಮೈಭಾರ ಪಾದದ ಮೇಲೆ ಮುಂದಕ್ಕೆ ಸಾಗಿದ ಹಾಗೆ ಏರುತ್ತದೆ, ಕಾಲು ಗಾಳಿಗೆ ಎದ್ದ ಕೂಡಲೇ ಹೆಚ್ಚುಕಡಿಮೆ ಸೊನ್ನೆ.

ಯಾಕೆ ಸೊನ್ನೆ? ನೀವೇ ಎದ್ದು ನಿಂತು ನಿಧಾನವಾಗಿ ಒಂದು ಹೆಜ್ಜೆ ಹಾಕಿ ನೋಡಿ. ಕಾಲು ಗಾಳಿಯಲ್ಲಿ ಇರುವಾಗ ಪಾದ ಮೇಲಕ್ಕೆ ಬಾಗಬೇಕು. ಹಾಗೆ ಬಾಗಿದರೆ ಮೀನಖಂಡ ಎಳೆದುಕೊಳ್ಳುತ್ತದೆ. ಎಳೆತ ಬಂದ ತಕ್ಷಣ ರಿಫ್ಲೆಕ್ಸ್ ಎಚ್ಚೆತ್ತು ಮೀನಖಂಡವನ್ನು ಬಿಗಿ ಮಾಡಿದರೆ ಬೆರಳು ಕೆಳಗೆ ಬೀಳುತ್ತದೆ. ಬೆರಳು ನೆಲಕ್ಕೆ ತಾಗುತ್ತದೆ. ಎಡವುತ್ತೇವೆ. ಅದಕ್ಕೇ ಬೆನ್ನುಹುರಿ ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಎಳೆತದ ಸುದ್ದಿ ಬಂದರೂ ಒಳಗೆ ಬಿಡುವುದಿಲ್ಲ. ಕಾಲು ನೆಲ ಮುಟ್ಟಿದ ಮೇಲೆ ಮತ್ತೆ ತೆರೆಯುತ್ತದೆ. ಪ್ರತಿ ಹೆಜ್ಜೆಗೂ ಒಂದು ಸಲ. ಗಾಂಧಿ ಬಜಾರಿನ ಈ ತುದಿಯಿಂದ ಆ ತುದಿಗೆ ಹೂವು ತರಲು ಹೋಗಿ ಬಂದರೆ ಸಾವಿರಾರು ಸಲ. ನಮಗೆ ಒಂದು ಸಲವೂ ಗೊತ್ತಾಗುವುದಿಲ್ಲ. ಇದನ್ನು ಓದಿದ ದಿನ ನಾನು ಅಮ್ಮನ ಬೆರಳ ತುದಿಯನ್ನೇ ನೋಡುತ್ತಾ ಕೂತಿದ್ದೆ.

ಇನ್ನು, ಈ ಬಾಗಿಲು ಹಾಕುವ ವೇಳೆ ಅಭ್ಯಾಸದಿಂದ ಬದಲಾಗುತ್ತದಾ? ಬದಲಾಗುತ್ತದೆ. ಬೆಳಿಗ್ಗೆ ಹೊತ್ತು ಲಾಲ್‌ಬಾಗ್‌ಗೆ ಹೋದವರು ನೋಡಿರುತ್ತೀರಿ, ಕೆಲವರು ಹಿಮ್ಮುಖವಾಗಿ ನಡೆಯುತ್ತಾರೆ. ಮಂಡಿಗೆ ಒಳ್ಳೆಯದು ಅನ್ನುತ್ತಾರೆ. ಕ್ಯಾಪಡೇ ಅವರ ತಂಡವೇ 2003ರಲ್ಲಿ ಹಿಮ್ಮುಖ ನಡಿಗೆಯ ಬಗ್ಗೆ ಬರೆಯಿತು. ಹೊಸದಾಗಿ ಹಿಂದೆ ನಡೆಯುವವರಲ್ಲಿ ಕಾಲು ಗಾಳಿಯಲ್ಲಿ ಇರುವಾಗಲೂ ರಿಫ್ಲೆಕ್ಸ್ ದೊಡ್ಡದಾಗೇ ಇತ್ತು. ನೆಲ ಯಾವಾಗ ಸಿಗುತ್ತದೋ ಅಂತ ಬೆನ್ನುಹುರಿ ಬಾಗಿಲು ತೆರೆದೇ ಕಾಯುತ್ತಿದ್ದ ಹಾಗೆ. ದಿನಾ ಅಭ್ಯಾಸ ಮಾಡಿಸಿದರು. ದಿನ ಕಳೆದ ಹಾಗೆ ಅದು ಇಳಿಯುತ್ತಾ ಬಂತು. ನಡಿಗೆಯ ಮೇಲೆ ನಂಬಿಕೆ ಬಂದಾಗ ಬೆನ್ನುಹುರಿಯ ಕಾವಲೂ ಸಡಿಲವಾಯಿತು ಅಂತ ನಾನು ಅದನ್ನು ಓದಿಕೊಂಡೆ. (ಹಿರಿಯರು ಒಬ್ಬರೇ ಹಿಮ್ಮುಖವಾಗಿ ನಡೆಯುವುದು ಬೇಡ. ಪಕ್ಕದಲ್ಲಿ ಒಬ್ಬರು ಇರಲಿ.)

ಡೆನ್ಮಾರ್ಕಿನ ಎರಡು ಅಧ್ಯಯನಗಳು ನನ್ನನ್ನು ಇನ್ನೂ ಜಾಸ್ತಿ ಕಾಡಿದವು. ಒಂದು 1993ರದು. ಅಲ್ಲಿನ ರಾಯಲ್ ಬ್ಯಾಲೆಯ ನರ್ತಕರಲ್ಲಿ ಮೀನಖಂಡದ ಎಚ್ ರಿಫ್ಲೆಕ್ಸ್ ತುಂಬಾ ಚಿಕ್ಕದಾಗಿತ್ತು. ಚೆನ್ನಾಗಿ ತರಬೇತಿ ಪಡೆದ ಕ್ರೀಡಾಪಟುಗಳಿಗಿಂತಲೂ ಚಿಕ್ಕದು. ವರ್ಷಗಟ್ಟಲೆ ಬೆರಳ ತುದಿಯಲ್ಲಿ ನಿಂತು, ಮೈಯ ಸಮತೋಲ ಕಾಯ್ದುಕೊಂಡವರ ಬೆನ್ನುಹುರಿಯೇ ಬೇರೆ ಥರ ಆಗಿತ್ತು. ಈಗ ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯಲ್ಲಿ ಕರಗ ನೋಡಲು ನಿಂತಾಗ, ತಲೆ ಮೇಲಿನ ಹೂವಿನ ಕರಗಕ್ಕಿಂತ ಹೊತ್ತವರ ಪಾದಗಳ ಕಡೆಗೇ ನನ್ನ ಕಣ್ಣು ಹೋಗುತ್ತದೆ. ಕೈಯಲ್ಲಿ ಹಿಡಿಯದೆ ಇಡೀ ರಾತ್ರಿ ಪೇಟೆ ಬೀದಿಗಳಲ್ಲಿ ಹೆಜ್ಜೆ ಹಾಕುವ ಆ ಮೈ ಎಷ್ಟು ಕಲಿತಿರಬೇಕು!

ಎರಡನೆಯದು 2008ರದು. ಆರೋಗ್ಯವಾಗಿದ್ದವರ ಪಾದ ಮತ್ತು ಕೀಲನ್ನು ಅಲುಗದ ಹಾಗೆ 2 ವಾರ ಕಟ್ಟಿಹಾಕಿದರು. ಗಾಯ ಇಲ್ಲ, ಮೂಳೆ ಮುರಿದಿಲ್ಲ. ಸುಮ್ನೆ ಕಟ್ಟಿದ್ದು ಅಷ್ಟೇ. ಅವರ ಎಚ್ ರಿಫ್ಲೆಕ್ಸ್ ದೊಡ್ಡದಾಯಿತು. ಬರುವ ಸುದ್ದಿಯನ್ನು ತಡೆಯುವ ಬೆನ್ನುಹುರಿಯ ಶಕ್ತಿ ಕುಗ್ಗಿತ್ತು.

ಅಮ್ಮನ ಕಾಲು 6 ವಾರ ಪ್ಲಾಸ್ಟರ್‌ನಲ್ಲಿತ್ತು.

ಇಲ್ಲೇ ನನಗೆ ಕೋಪ ಬರುವುದು. ಪ್ಲಾಸ್ಟರ್ ಹಾಕಿದ್ದಕ್ಕಲ್ಲ. ಮೂಳೆ ಕೂಡಬೇಕಾದರೆ ಅದು ಬೇಕೇ ಬೇಕು. ಬಿಚ್ಚಿದ ಮೇಲೆ "ಗುಣವಾಯ್ತು, ಹೋಗಿ ಬನ್ನಿ" ಅನ್ನುವುದಕ್ಕೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ. ಅಷ್ಟು ವಾರ ನಡೆಯುವ ಕಾಲಿನಿಂದ ಯಾವ ಸುದ್ದಿಯೂ ಬಾರದೆ ಕೂತಿದ್ದ ಬೆನ್ನುಹುರಿ ಕಾಣುವುದಿಲ್ಲ. ಅದು ಕಾಣದ್ದರಿಂದ ಅದಕ್ಕೆ ಚಿಕಿತ್ಸೆಯೂ ಇಲ್ಲ. ಆಮೇಲೆ ಮಗ ಬಂದು "ಮನೇಲಿರು" ಅನ್ನುತ್ತಾನೆ. ಕಟ್ಟಿದ ಕಾಲನ್ನು ಬಿಚ್ಚಿ, ಇಡೀ ಮನುಷ್ಯಳನ್ನು ಕಟ್ಟಿಹಾಕಿದ ಹಾಗೆ ಆಯಿತಲ್ವಾ?

ರಿಫ್ಲೆಕ್ಸ್ ಚಿಕ್ಕದಾದರೆ ಒಳ್ಳೆಯದು, ದೊಡ್ಡದಾದರೆ ಕೆಟ್ಟದ್ದು ಅಂತ ದಯವಿಟ್ಟು ತಿಳಿದುಕೊಳ್ಳಬೇಡಿ. ಮೈಭಾರ ಹೊತ್ತ ಕಾಲಿಗೆ ಅದು ಬೇಕು. ಬೇಕಾದಾಗ ಏರಬೇಕು, ಬೇಡವಾದಾಗ ಇಳಿಯಬೇಕು. ವಯಸ್ಸಾದ ಹಾಗೆ ಕಡಿಮೆಯಾಗುವುದು ಈ ಏರಿಳಿತವೇ. ಆಗ ಕಾಲು ಇನ್ನೊಂದು ಉಪಾಯ ಹೂಡುತ್ತದೆ. ಮುಂದಿನ ಸ್ನಾಯು, ಹಿಂದಿನ ಸ್ನಾಯು ಎರಡನ್ನೂ ಒಟ್ಟಿಗೆ ಬಿಗಿ ಹಿಡಿಯುತ್ತದೆ. ಕೀಲು ಅಲುಗುವುದಿಲ್ಲ, ಸರಿ. ಆದರೆ ಎಡವಿದಾಗ ಸರಕ್ಕನೆ ಬಾಗುವುದೂ ಇಲ್ಲ.

ಬೆನ್ನುಹುರಿಯನ್ನು ನಾನು ಹಳೇ ಬೆಂಗಳೂರಿನ ವಠಾರಕ್ಕೆ ಹೋಲಿಸುತ್ತೇನೆ. ನಮ್ಮ ಅಜ್ಜಿ ಇದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. 8 ಮನೆ, ಒಂದೇ ನಲ್ಲಿ. ಹೊಸ ಸಂಸಾರ ಒಂದು ಬಂತು ಅಂದರೆ ಎಲ್ಲರ ನೀರಿನ ಹೊತ್ತೂ ಸ್ವಲ್ಪ ಸ್ವಲ್ಪ ಸರಿಯುತ್ತಿತ್ತು. ಹೊಸಬರಿಗೂ ನೀರು ಸಿಗಬೇಕು, ಹಳಬರ ಕೆಲಸವೂ ಕೆಡಬಾರದು. ಬೆನ್ನುಹುರಿಯಲ್ಲೂ ಹಾಗೇ. ನಡೆಯುವುದು, ನಿಲ್ಲುವುದು, ಮೆಟ್ಟಿಲು ಹತ್ತುವುದು, ಓಡುವುದು, ಎಲ್ಲಕ್ಕೂ ಅದೇ ನರಕೋಶಗಳು, ಅದೇ ದಾರಿಗಳು. ಒಂದು ಹೊಸ ಚಲನೆ ಕಲಿತರೆ ಉಳಿದದ್ದೂ ಹೊಂದಿಕೊಳ್ಳಬೇಕು. ಅಮೆರಿಕದ ಜೊನಾಥನ್ ವೋಲ್ಪಾ ಅನ್ನುವ ವಿಜ್ಞಾನಿ ಹತ್ತಾರು ವರ್ಷದಿಂದ ಹೇಳುತ್ತಾ ಬಂದಿರುವುದು ಇದನ್ನೇ. ಅವರು 1980ರ ದಶಕದಲ್ಲೇ ಕೋತಿಗಳಿಗೆ ರಿಫ್ಲೆಕ್ಸ್ ಹೆಚ್ಚಿಸುವುದನ್ನೂ ತಗ್ಗಿಸುವುದನ್ನೂ ಕಲಿಸಿದರು. ಸರಿಯಾಗಿ ಮಾಡಿದರೆ ಬಹುಮಾನ, ಅಷ್ಟೇ ಪಾಠ. ವಾರಗಳು ಕಳೆದ ಮೇಲೆ ಬೆನ್ನುಹುರಿಯ ಒಳಗೇ ಗುರುತು ಉಳಿದಿತ್ತು.

ಮನುಷ್ಯರಲ್ಲಿ? ಬೆನ್ನುಹುರಿಗೆ ಪೆಟ್ಟಾಗಿ, ಆದರೆ ಪೂರ್ತಿ ತುಂಡಾಗದೆ, ಬಿಗಿದ ಕಾಲಿನಲ್ಲಿ ಕಷ್ಟಪಟ್ಟು ನಡೆಯುತ್ತಿದ್ದವರ ಜೊತೆ ಐಕೋ ಥಾಂಪ್ಸನ್, ವೋಲ್ಪಾ ಮತ್ತು ಸಂಗಡಿಗರು ಕೆಲಸ ಮಾಡಿದರು. 2013ರಲ್ಲಿ ಪ್ರಕಟವಾಯಿತು. ರೋಗಿಯ ಮುಂದೆ ಒಂದು ಪರದೆ. ಅವರ ರಿಫ್ಲೆಕ್ಸ್ ಎಷ್ಟಿದೆ ಅಂತ ಪ್ರತಿ ಸಲವೂ ಅದರ ಮೇಲೆ ಕಾಣುತ್ತದೆ. ತಗ್ಗಿಸಲು ನೋಡಿ ಅನ್ನುತ್ತಾರೆ. ಹೇಗೆ ಅಂತ ಬಾಯಲ್ಲಿ ಹೇಳಿಕೊಡಲು ಆಗುವುದಿಲ್ಲ. ಮೈ ತಾನೇ ದಾರಿ ಹುಡುಕಬೇಕು. ಇಂಥ 30 ಪಾಠ. ಕಲಿತ 9 ಜನರಲ್ಲಿ 6 ಜನರ ರಿಫ್ಲೆಕ್ಸ್ ತಗ್ಗಿತು. ಆ 6 ಜನರ ನಡಿಗೆಯ ವೇಗ ಸರಾಸರಿ ಶೇ. 59ರಷ್ಟು ಹೆಚ್ಚಿತು. ಎರಡೂ ಕಾಲಿನ ಹೆಜ್ಜೆಗಳಲ್ಲಿ ಸಮ ಬಂತು. ಚಿಕ್ಕ ಗುಂಪು, ಒಪ್ಪುತ್ತೇನೆ. ಆದರೂ ನಿಂತಲ್ಲೇ ಒಂದು ರಿಫ್ಲೆಕ್ಸ್ ತಿದ್ದಿದವರ ನಡಿಗೆ ಮನೆಯಲ್ಲಿ, ಬೀದಿಯಲ್ಲಿ ಸುಧಾರಿಸಿತು ಅನ್ನುವುದು ನನಗೆ ಸಣ್ಣ ಸುದ್ದಿ ಅಲ್ಲ. ವಠಾರದಲ್ಲಿ ಒಬ್ಬರು ಸರಿ ಹೋದಾಗ ಉಳಿದವರಿಗೂ ನೀರು ಸಿಕ್ಕಿತು.

ಎಲ್ಲವೂ ಬೆನ್ನುಹುರಿಯ ಕೆಲಸವೇ, ಮೆದುಳಿಗೆ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎರಡು ಪಟ್ಟಿ ಇರುವ ಟ್ರೆಡ್‌ಮಿಲ್ ಇದೆ. ಒಂದು ಕಾಲಿನ ಕೆಳಗಿನ ಪಟ್ಟಿ ನಿಧಾನ, ಇನ್ನೊಂದು ಜೋರು. ಮೊದಲು ಕುಂಟುತ್ತಾರೆ. ಕೆಲವು ನಿಮಿಷದಲ್ಲಿ ಹೆಜ್ಜೆ ಸಮ ಮಾಡಿಕೊಳ್ಳುತ್ತಾರೆ. ಆಮೇಲೆ ಎರಡೂ ಪಟ್ಟಿಯನ್ನು ಒಂದೇ ವೇಗಕ್ಕೆ ತಂದರೆ ಉಲ್ಟಾ ಕುಂಟುತ್ತಾರೆ! ಕಲಿತದ್ದು ಮೈಯಲ್ಲಿ ಕೂತುಬಿಟ್ಟಿರುತ್ತದೆ. ಏಮಿ ಬಾಸ್ಟಿಯನ್ ಮತ್ತು ಸಂಗಡಿಗರು ಬಾಲ್ಟಿಮೋರ್‌ನಲ್ಲಿ ಇದನ್ನು ಬಹಳ ಕಾಲ ನೋಡಿದ್ದಾರೆ. ಕಿರುಮೆದುಳಿಗೆ ಪೆಟ್ಟಾದವರಿಗೆ ಈ ಹೊಂದಾಣಿಕೆ ಕಷ್ಟ ಅನ್ನುವುದನ್ನೂ ಅವರೇ ತೋರಿಸಿದರು. ನಿಂತುಹೋದ ಎಸ್ಕಲೇಟರ್ ಮೇಲೆ ಕಾಲಿಟ್ಟಾಗ ಮೈ ಒಮ್ಮೆ ಮುಂದಕ್ಕೆ ವಾಲುತ್ತದಲ್ಲ, ಅದೂ ಇದೇ ಜಾತಿಯದು. ನಿಂತಿದೆ ಅಂತ ಕಣ್ಣಿಗೆ ಗೊತ್ತು. ಆದರೂ ಮೈ ಚಲಿಸುವ ಮೆಟ್ಟಿಲಿಗೆ ತಯಾರಾಗುತ್ತದೆ. ಲಂಡನ್ನಿನಲ್ಲಿ ರೆನಾಲ್ಡ್ಸ್ ಮತ್ತು ಬ್ರಾನ್‌ಸ್ಟೈನ್ 2003ರಲ್ಲಿ ಇದನ್ನು ಪ್ರಯೋಗಾಲಯದಲ್ಲೇ ಮಾಡಿ ತೋರಿಸಿದರು. ಇದರಿಂದ ನಾನು ತಿಳಿದುಕೊಂಡದ್ದು ಒಂದು. ಅಮ್ಮನಿಗೆ "ಸರಿಯಾಗಿ ನಡಿ, ಬೆರಳು ಎತ್ತು" ಅಂತ ನೂರು ಸಲ ಹೇಳಿದರೂ ಪ್ರಯೋಜನ ಇಲ್ಲ. ಮಾತು ಕಾಲಿನ ತನಕ ಇಳಿಯುವುದಿಲ್ಲ. ಹೆಜ್ಜೆ ಇಳಿಯುತ್ತದೆ.

ಇನ್ನೊಂದು ಇಳಿಯುತ್ತದೆ. ಹೆದರಿಕೆ. ಜನರನ್ನು ಎತ್ತರದ ಕಟ್ಟೆಯ ಅಂಚಿನಲ್ಲಿ ಸುಮ್ನೆ ನಿಲ್ಲಿಸಿ ಅಳೆದಾಗ ಎಚ್ ರಿಫ್ಲೆಕ್ಸ್ ಬದಲಾಗಿತ್ತು. ಬಿದ್ದೇನು ಅನ್ನುವ ಭಯ ಬರೀ ಮನಸ್ಸಿನಲ್ಲಿ ಇರುವುದಿಲ್ಲ. ಬೆನ್ನುಹುರಿಯ ತನಕ ಹೋಗುತ್ತದೆ.

ಅದಕ್ಕೇ ಒಂದು ವಾದ ಕೇಳಿದಾಗ ನನಗೆ ಸಂಕಟ ಆಗುತ್ತದೆ. ಏರುಪೇರಾದ ಫುಟ್‌ಪಾತ್‌ನಲ್ಲಿ ನಡೆದರೆ ಕಾಲಿಗೆ ಒಳ್ಳೆಯ ವ್ಯಾಯಾಮ ಅಂತ ಕೆಲವರು ಹೇಳುತ್ತಾರೆ. ಬೇರೆಬೇರೆ ನೆಲದ ಮೇಲೆ ನಡೆಯುವುದು ಒಳ್ಳೆಯದು, ನಿಜ. ಕಿರಿದಾದ ಹಲಗೆ ಮೇಲೆ ನಡೆಯುವವರಲ್ಲಿ ರಿಫ್ಲೆಕ್ಸ್ ತಗ್ಗುತ್ತದೆ ಅಂತ 1990ರಲ್ಲೇ ಅಳೆದಿದ್ದಾರೆ. ಸಮತೋಲದ ಅಭ್ಯಾಸದಿಂದಲೂ ಹಾಗೇ ಆಗುತ್ತದೆ. ಆದರೆ ಕಾಲು ಜಾರಿದರೆ ಮೋರಿಗೆ ಬೀಳುವ ಕಡೆ ಯಾರೂ ಕಲಿಯುವುದಿಲ್ಲ. ಹೆದರಿಕೆಯನ್ನು ಮಾತ್ರ ಕಲಿಯುತ್ತಾರೆ. ಲಾಲ್‌ಬಾಗ್‌ನ ಮಣ್ಣಿನ ದಾರಿ, ಹುಲ್ಲು, ಬಂಡೆಯ ಇಳಿಜಾರು, ಇವು ಕಲಿಸುವ ನೆಲ. ಎದ್ದ ಚಪ್ಪಡಿ ಕಲಿಸುವ ನೆಲ ಅಲ್ಲ. ಈ ಊರು ರಸ್ತೆಗೆ ಕೊಟ್ಟ ಗಮನದ ಕಾಲುಭಾಗವನ್ನಾದರೂ ಫುಟ್‌ಪಾತ್‌ಗೆ ಕೊಟ್ಟಿದ್ದರೆ ನಮ್ಮ ಎಷ್ಟು ಹಿರಿಯರು ಬೆಳಿಗ್ಗೆ ತಾವೇ ಹಾಲು ತರುತ್ತಿದ್ದರು! ರೆಸಿಡೆನ್ಸಿ ರಸ್ತೆಯಲ್ಲಿ ಅಗಲವಾದ, ಸಮವಾದ ಫುಟ್‌ಪಾತ್ ಮಾಡಿ ತೋರಿಸಿದ್ದಾರೆ. ಆಗುವುದಿಲ್ಲ ಅನ್ನುವ ಮಾತು ಇಲ್ಲ. ಹನುಮಂತನಗರದ ಅಡ್ಡರಸ್ತೆಗೆ ಅದು ಯಾಕೆ ಬರಬಾರದು?

ಚಿಕಿತ್ಸೆಯ ಬಗ್ಗೆಯೂ ಒಂದು ಮಾತು. ಮೊದಲ ದಿನಗಳಲ್ಲಿ ಅಮ್ಮನಿಗೆ ಹೇಳಿದ್ದು ಮಂಚದ ಮೇಲೆ ಮಲಗಿ ಕಾಲು ಎತ್ತುವುದು, ಬಿಸಿನೀರಿನ ಶಾಖ. ಸ್ನಾಯುವಿನ ಬಲಕ್ಕೆ ಅದು ಬೇಕು. ಆದರೆ ನಿಂತಾಗ ಒಂದು ಥರ, ನಡೆದಾಗ ಒಂದು ಥರ ಇರುವ ರಿಫ್ಲೆಕ್ಸ್, ಮಲಗಿದಲ್ಲಿ ನಡಿಗೆಯನ್ನು ಎಲ್ಲಿಂದ ಕಲಿಯಬೇಕು? ನಡಿಗೆ ನಡೆದೇ ಬರಬೇಕು. ಆಮೇಲೆ ಸಿಕ್ಕ ಫಿಸಿಯೋ ಮೇಡಂ ಮೊದಲ ದಿನವೇ ಅಮ್ಮನನ್ನು ನಿಲ್ಲಿಸಿದರು. "ಅಮ್ಮಾ, ಡಾಕ್ಟರ್ ಭಾರ ಹಾಕಬಹುದು ಅಂದಿದ್ದಾರಲ್ವಾ? ಹಾಗಾದ್ರೆ ನನ್ನ ಕೈ ಹಿಡ್ಕೊಳಿ, ಬಾಗಿಲ ತನಕ ಹೋಗಿ ಬರೋಣ" ಅಂದರು. ಬಾಗಿಲ ತನಕ. ಆಮೇಲೆ ಗೇಟಿನ ತನಕ. ಕೆಲವು ದಿನ ಪಕ್ಕಕ್ಕೆ ಹೆಜ್ಜೆ, ಕೆಲವು ದಿನ ಟವೆಲ್ ಹಾಸಿ ಅದರ ಮೇಲೆ. ನೆಲ ನೋಡಬೇಡಿ, ನನ್ನ ಮುಖ ನೋಡಿ ಅನ್ನುತ್ತಿದ್ದರು. ವಾರಕ್ಕೆ 3 ದಿನ, 3 ತಿಂಗಳು. ಮೊದಲ ತಿಂಗಳು ನನಗೆ ಏನೂ ಬದಲಾವಣೆ ಕಾಣಲಿಲ್ಲ. ನಿಲ್ಲಿಸಿಬಿಡೋಣ ಅನ್ನಿಸಿತ್ತು. ವೋಲ್ಪಾ ಅವರ ಕೆಲಸ ಓದಿದ್ದರಿಂದ ನಿಲ್ಲಿಸಲಿಲ್ಲ. ಬೆನ್ನುಹುರಿಯ ಒಳಗಿನ ಬದಲಾವಣೆ ನಿಧಾನ, ವಾರಗಳ ಲೆಕ್ಕದ್ದು ಅಂತ ಅಲ್ಲಿ ತಿಳಿದಿತ್ತು.

ಲಕ್ವ ಹೊಡೆದವರ ಮನೆಯವರು ಇದನ್ನು ಕೇಳುತ್ತಿದ್ದರೆ ನಿಮಗೂ ಇದೇ ನನ್ನ ಬೇಡಿಕೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರದ ತೊಂದರೆ ಆದವರ ಪುನಶ್ಚೇತನಕ್ಕೆ ಬೇರೆ ವಿಭಾಗವೇ ಇದೆ. ಅಂಥ ಕಡೆ ಹೋಗಿ ಕೇಳಿ. ಎಷ್ಟು ನಡೆಸಬಹುದು, ಹೇಗೆ ನಡೆಸಬಹುದು ಅಂತ ಕೇಳಿ. "ಇನ್ನು ಇಷ್ಟೇ" ಅಂತ ನೀವೇ ತೀರ್ಮಾನ ಮಾಡಬೇಡಿ.

ನಡೆಯುವವರು ಎಡವದೆ ಕುಳಿತವರು ಎಡವುವರೇ ಅಂತ ನಮ್ಮಲ್ಲಿ ಗಾದೆ ಇದೆ. ತಪ್ಪು ಮಾಡಿದವರಿಗೆ ಸಮಾಧಾನ ಹೇಳಲು ಬಳಸುತ್ತೇವೆ. ನಾನು ಅಮ್ಮನಿಗೆ ಅದರ ಅರ್ಧವನ್ನು ಮಾತ್ರ ಕೇಳಿಸಿಕೊಂಡವನ ಹಾಗೆ ಹೇಳಿದ್ದೆ. ಎಡವಬಾರದು, ಆದ್ದರಿಂದ ಕೂತುಕೋ ಅಂತ.

ಹೋದ ಜನವರಿಯಲ್ಲಿ ಒಂದು ಭಾನುವಾರ ಅಮ್ಮನ ಜೊತೆ ಲಾಲ್‌ಬಾಗ್‌ಗೆ ಹೋಗಿದ್ದೆ. ಕೆರೆಯ ಕಡೆ ಹೋಗುವ ಮಣ್ಣಿನ ದಾರಿ. ಅಮ್ಮ ಅವರೆಕಾಯಿಯ ಬಗ್ಗೆ ಹೇಳುತ್ತಿದ್ದಳು. ಈ ವರ್ಷ ಸೊಗಡೇ ಇಲ್ಲ ಕಣೋ, ಬರೀ ಸಿಪ್ಪೆ ಅಂತ. ಮರದ ಬೇರು ಒಂದು ದಾರಿಗೆ ಅಡ್ಡ ಎದ್ದಿತ್ತು. ಅವಳ ಬಲಗಾಲಿನ ಬೆರಳು ಅದಕ್ಕೆ ತಾಗಿತು. ನನ್ನ ಎದೆ ಧಸಕ್ ಅಂತು, ಕೈ ಚಾಚಿದೆ. ಅಷ್ಟರಲ್ಲಿ ಮಂಡಿ ಬಾಗಿ, ಪಾದ ಮೇಲೆದ್ದು, ಬೇರನ್ನು ದಾಟಿ ಆಚೆ ಕಡೆ ಊರಿತ್ತು.

"ಏನಾಯ್ತೋ, ಯಾಕೆ ಕೈ ಹಿಡೀತೀಯಾ?" ಅಂದಳು. ಹಿತಕವರೆ ಬೇಳೆಗೆ ಇನ್ನೊಂದು ಕೆಜಿ ಜಾಸ್ತಿನೇ ತಗೋಬೇಕಾಗತ್ತೆ ಅಂತ ಮಾತು ಮುಂದುವರಿಸಿದಳು.